ಹಸ್ತಪ್ರತಿ ಹೊರಡುವ ಮುನ್ನ

ಗೋವಾದ ಕನ್ನಡ ಮನೆಗಳಲ್ಲಿ ಕವಿತೆ ಬರೆಯುವ ತರುಣ ತರುಣಿಯರಿಗೆ ಕೊರತೆಯಿಲ್ಲ. ವಾಸ್ಕೋ ಬಂದರಿನ ಸುತ್ತ, ಜುವಾರಿನಗರದ ಕಿರುಮನೆಗಳಲ್ಲಿ, ವಿಜಯಪುರ, ಗದಗ, ಹಾವೇರಿಗಳಿಂದ ದುಡಿಮೆಗೆಂದು ಬಂದವರ ಮಕ್ಕಳು ನೋಟ್‌ಪುಸ್ತಕದ ಕೊನೆಯ ಹಾಳೆಗಳಲ್ಲಿ ಬರೆದಿಡುತ್ತಾರೆ. ಆದರೆ ಕವನ ಸಂಕಲನದ ಹಸ್ತಪ್ರತಿ ಸ್ಪರ್ಧೆಗೆ ಕಳುಹಿಸಿರೆಂದರೆ ಹಿಂಜರಿಯುತ್ತಾರೆ. “ಹೊರನಾಡಿನಲ್ಲಿ ಕುಳಿತು ಬರೆದ ನಮ್ಮ ಕನ್ನಡವನ್ನು ಅಲ್ಲಿಯವರು ಗಣಿಸುವರೇ?” ಎಂಬುದೇ ಅವರ ಪ್ರಶ್ನೆ.

ಈ ಅಳುಕು ಹೊಸದಲ್ಲ. ನಂದಳಿಕೆಯ ಲಕ್ಷ್ಮೀನಾರಾಣಪ್ಪನೆಂಬ ಅಂಗಸಾಧನೆಯ ಉಪಾಧ್ಯಾಯನು ‘ರಾಮಾಶ್ವಮೇಧ’ವನ್ನು ರಚಿಸಿ, ದೂರದ ಮೈಸೂರಿನ ‘ಕಾವ್ಯಕಲಾನಿಧಿ’ಗೆ ಕಳುಹಿಸಿದನು, ಆದರೆ ತನ್ನದೆಂದು ಹೇಳಲಿಲ್ಲ. ಮುದ್ದಣನೆಂಬ ಹಿಂದಿನ ಕವಿಯ ಕೃತಿಯೆಂಬ ಮುಸುಕು ಹೊದಿಸಿದನು. ಬಡ ಮೇಷ್ಟ್ರ ಬರಹವನ್ನು ಪಂಡಿತರು ಕಣ್ಣೆತ್ತಿ ನೋಡಲಾರರೆಂಬ ಶಂಕೆ ಆತನನ್ನು ಕಾಡಿದ್ದೀತು. 1901ರಲ್ಲಿ, 31ರ ಪ್ರಾಯದಲ್ಲಿ, ಕ್ಷಯರೋಗವು ಆತನನ್ನು ಒಯ್ದಿತು. ಕವಿ ಯಾರೆಂಬುದು ನಾಡಿಗೆ ಸ್ಪಷ್ಟವಾದದ್ದು ಆ ಬಳಿಕವೇ.

ಅದೇ ಕಾರ್ಕಳ ಸೀಮೆಯ ಕಾಂತಾವರವೆಂಬ ಹಳ್ಳಿಯಲ್ಲಿ 1976ರಲ್ಲಿ ಹುಟ್ಟಿದ ಕನ್ನಡ ಸಂಘವು ಮುದ್ದಣನ ಹೆಸರಿನಲ್ಲಿ ಕಾವ್ಯ ಪ್ರಶಸ್ತಿಯೊಂದನ್ನು ನೆಲೆಗೊಳಿಸಿತು. ಅದು ಅಚ್ಚಾದ ಪುಸ್ತಕಕ್ಕಲ್ಲ, ಕವಿತೆಗಳ ಹಸ್ತಪ್ರತಿಗೆ ಸಲ್ಲುವ ಪ್ರಶಸ್ತಿ. ಹೆಸರನ್ನು ಮರೆಸಿಕೊಂಡವನ ನೆನಪಿನಲ್ಲಿ ಹೆಸರಿಲ್ಲದವರಿಗೆ ಬಾಗಿಲು ತೆರೆದಂತಾಯಿತು. ಕನ್ನಡ ಪುಸ್ತಕ ಪ್ರಾಧಿಕಾರವೂ ಯುವ ಬರಹಗಾರರ ಚೊಚ್ಚಲ ಕೃತಿಗೆ ಪ್ರೋತ್ಸಾಹಧನ ನೀಡುತ್ತ ಬಂದಿದೆ.

ಇನ್ನು ಕಳುಹಿಸುವ ಬಗೆ. ಮೊದಲು ನಿಯಮಗಳನ್ನು ಎರಡು ಬಾರಿ ಓದಿರಿ: ವಯೋಮಿತಿ, ಕವಿತೆಗಳ ಸಂಖ್ಯೆ, ಕೊನೆಯ ದಿನಾಂಕ, ಹೊರನಾಡಿನವರಿಗೆ ಅವಕಾಶವುಂಟೇ ಎಂಬುದು. ಹೆಸರನ್ನು ಬೇರೆ ಹಾಳೆಯಲ್ಲಿ ಬರೆಯಬೇಕೆಂದಿದ್ದರೆ ಒಳಪುಟಗಳಲ್ಲಿ ಎಲ್ಲಿಯೂ ಬರೆಯತಕ್ಕದ್ದಲ್ಲ. ಹಸ್ತಪ್ರತಿಯನ್ನು ಮರಳಿಸುವ ಹೊಣೆ ಹಲವರು ಹೊರುವುದಿಲ್ಲವಾದ್ದರಿಂದ ಪ್ರತಿಯೊಂದನ್ನು ಮನೆಯಲ್ಲಿಟ್ಟುಕೊಳ್ಳಿರಿ. ಬಹುಮಾನ ಬಂದರೆ ಅಚ್ಚಿನ ವೆಚ್ಚ ಯಾರದು, ಹಕ್ಕು ಯಾರದು ಎಂಬುದನ್ನು ಮೊದಲೇ ತಿಳಿಯಿರಿ. ‘ಆಯ್ಕೆಯಾಗಿದ್ದೀರಿ, ಹಣ ಕಳುಹಿಸಿ’ ಎನ್ನುವ ಕರೆ ಬಂದರೆ ಅದು ವ್ಯಾಪಾರವೆಂದೇ ತಿಳಿಯಿರಿ.

ಆದರೆ ನಿಜವಾದ ಕೆಲಸ ಆಯ್ಕೆಯದು. ಅರುವತ್ತು ಕವಿತೆಗಳಿದ್ದರೆ ಇಪ್ಪತ್ತನ್ನಾದರೂ ತೆಗೆದಿಡುವ ಧೈರ್ಯ ಬೇಕು. ಗೆಳೆಯರ ಮದುವೆಗೆ ಬರೆದದ್ದು, ರಾಜ್ಯೋತ್ಸವದ ವೇದಿಕೆಗೆ ಬರೆದದ್ದು ಆಯಾ ದಿನಕ್ಕೆ ಸೊಗಸು. ಪುಸ್ತಕಕ್ಕೆ ಸಲ್ಲುವುದು ವಿರಳ. ಪ್ರತಿಯೊಂದನ್ನೂ ಗಟ್ಟಿಯಾಗಿ ಓದಿರಿ. ನಾಲಗೆ ತೊಡರಿದಲ್ಲಿ ಬಹುಮಟ್ಟಿಗೆ ಕವಿತೆಯೂ ತೊಡರಿರುತ್ತದೆ.

ಇನ್ನೊಂದು ಮಾತು. ನಿಮ್ಮ ಕವಿತೆಯೊಳಗೆ ನುಸುಳಿದ ಕೊಂಕಣಿ, ಮರಾಠಿ ಪದಗಳನ್ನು ತಪ್ಪೆಂದು ಬಗೆದು ಗುಡಿಸಿಹಾಕಬೇಡಿರಿ. ಗೋವೆಯ ಕದಂಬರು ಕನ್ನಡದಲ್ಲಿ ಶಾಸನ ಬರೆಯಿಸಿದ ನೆಲೆಯಿದು; ಇಲ್ಲಿ ಭಾಷೆಗಳು ಶತಮಾನಗಳಿಂದ ನೆರೆಹೊರೆಯಾಗಿ ಬಾಳಿವೆ. ಮಂಜೇಶ್ವರದ ಗೋವಿಂದ ಪೈಗಳ ಮನೆಮಾತು ಕೊಂಕಣಿ, ಬೇಂದ್ರೆಯವರದು ಮರಾಠಿ. ಗಡಿಯ ಕನ್ನಡವೆಂದರೆ ಕುಂದಿದ ಕನ್ನಡವಲ್ಲ. ಪೈಗಳ ‘ಗಿಳಿವಿಂಡು’ ಹೊರಬಂದದ್ದು 1930ರಲ್ಲಿ, ಅವರ 47ನೆಯ ವಯಸ್ಸಿನಲ್ಲಿ ಎಂಬುದನ್ನೂ ನೆನೆಯಿರಿ. ತಡವಾಯಿತೆಂದು ಕೊರಗುವವರಿಗೆ ಇದಕ್ಕಿಂತ ಸಮಾಧಾನ ಬೇಕಿಲ್ಲ.

ಸ್ಪರ್ಧೆಯಲ್ಲಿ ಗೆಲ್ಲುವವನು ಒಬ್ಬನೇ. ಉಳಿದವರಿಗೆ ದೊರೆಯುವುದು ಸೋಲಲ್ಲ. ಬಿಡಿಹಾಳೆಗಳಾಗಿದ್ದುದು ಆದಿ ಅಂತ್ಯಗಳುಳ್ಳ ಒಂದು ಹೊತ್ತಗೆಯಾಗಿ ಕೈಯಲ್ಲಿ ನಿಲ್ಲುತ್ತದೆ. ಅದನ್ನು ಮತ್ತೆ ತಿದ್ದಬಹುದು, ಮತ್ತೆ ಕಳುಹಿಸಬಹುದು. ಆದುದರಿಂದ ತರುಣ ಮಿತ್ರರೇ, ಅಂಜದೆ ಕಳುಹಿಸಿರಿ; ಹೆಸರು ಕೇಳಿದಲ್ಲಿ ನಿಮ್ಮ ಹೆಸರನ್ನೇ ಬರೆಯಿರಿ.