ಉಗ್ಗು ಬೇಕು, ಉಗ್ಗುವವನು ಬೇಡ

“ಅದು ಮಕ್ಕಳು ನೋಡೋ ಕಾರ್ಟೂನು ಕಣ್ರಯ್ಯಾ, ಅದರಲ್ಲೂ ಅವಮಾನ ಹುಡುಕ್ತೀರಾ?”

ಈ ಮಾತನ್ನು ನಾವು ಮತ್ತೆ ಮತ್ತೆ ಕೇಳುತ್ತಿದ್ದೇವೆ. ಉಗ್ಗುವ ಹಂದಿ, ಕಣ್ಣು ಮಂದವಾದ ಮುದುಕ, ಕೈಯಿಲ್ಲದ ಕಡಲುಗಳ್ಳ, ಮುಖದಲ್ಲಿ ಗಾಯದ ಕಲೆ ಇರುವ ಸಿಂಹ. ಇವನ್ನು ನೋಡಿ ಮಕ್ಕಳು ನಗುತ್ತಾರೆ, ಹೆದರುತ್ತಾರೆ, ಊಟದ ಹೊತ್ತಿಗೆ ಮರೆತುಬಿಡುತ್ತಾರೆ. ಅಂಗವಿಕಲರಿಗೆ ಇದರಲ್ಲಿ ನೋವಾಗೋದು ಏನಿದೆ ಅಂತ ಕೇಳುತ್ತಾರೆ. ನೋವುಂಡವರನ್ನು ಕೇಳದೆ ನೋವಿನ ಬಗ್ಗೆ ತೀರ್ಪು ಕೊಡೋದು ಈ ದೇಶದ ಬುದ್ಧಿವಂತರ ಹಳೇ ಚಾಳಿ.

ಗೆಳೆಯರೇ, ಈ ರಾಗ ನಮಗೆ ಹೊಸದಲ್ಲ. 1949ರಲ್ಲಿ ಶಂಕರ್ ಬರೆದ ಒಂದು ವ್ಯಂಗ್ಯಚಿತ್ರವನ್ನು ಎನ್‌ಸಿಇಆರ್‌ಟಿಯವರು ಹನ್ನೊಂದನೇ ತರಗತಿಯ ರಾಜ್ಯಶಾಸ್ತ್ರ ಪುಸ್ತಕದಲ್ಲಿ ಅಚ್ಚು ಹಾಕಿದ್ದರು. ಸಂವಿಧಾನ ಅನ್ನೋ ಬಸವನಹುಳುವಿನ ಮೇಲೆ ಬಾಬಾಸಾಹೇಬರು ಕೂತಿದ್ದಾರೆ, ಹಿಂದೆ ನೆಹರೂ ಚಾಟಿ ಹಿಡಿದು ನಿಂತಿದ್ದಾರೆ. 2012ರಲ್ಲಿ ನಮ್ಮವರು ಇದನ್ನು ಪ್ರಶ್ನೆ ಮಾಡಿದರು, ಸಂಸತ್ತಿನಲ್ಲಿ ಗದ್ದಲ ಆಯಿತು. ಆಗ ದಲಿತರಿಗೆ ಹಾಸ್ಯಪ್ರಜ್ಞೆ ಇಲ್ಲ ಅನ್ನೋ ಧಾಟಿಯಲ್ಲಿ ಎಷ್ಟು ಜನ ದೊಡ್ಡವರು ಬರೆದರು ಅನ್ನೋದನ್ನ ನಾವು ಮರೆತಿಲ್ಲ. ಚಿತ್ರಕಾರನ ಉದ್ದೇಶ ಒಳ್ಳೇದಿತ್ತಂತೆ. ಇರಬಹುದು. ಆದರೆ ನಲವತ್ತು ಮಕ್ಕಳ ತರಗತಿಯಲ್ಲಿ ಒಬ್ಬನೇ ದಲಿತ ಹುಡುಗ ಆ ಪುಟ ತೆರೆದು ಕೂತಾಗ ಮಿಕ್ಕವರು ಅವನ ಕಡೆ ತಿರುಗಿ ನೋಡುತ್ತಾರಲ್ಲ, ಆ ನೋಟಕ್ಕೆ ಶಂಕರ್ ಅವರ ಉದ್ದೇಶ ಅಡ್ಡ ಬರುತ್ತದಾ?

ಅದನ್ನು ಬಲ್ಲ ನಾವು ಅಂಗವಿಕಲರ ಮಾತನ್ನು ಕೇಳಲು ತಯಾರಿದ್ದೇವಾ? ಇವತ್ತಿನ ನಮ್ಮ ಜಗಳ ಇದು.

ಮೊದಲು ಹಂದಿಯ ಕತೆ. ಅಮೆರಿಕದ ವಾರ್ನರ್ ಬ್ರದರ್ಸ್ ಕಂಪನಿ 1935ರಲ್ಲಿ ಪೋರ್ಕಿ ಪಿಗ್ ಅನ್ನೋ ಹಂದಿಮರಿಯನ್ನು ಪರದೆಗೆ ತಂದಿತು. ಅದರ ಬಂಡವಾಳವೇ ಉಗ್ಗು. ಒಂದು ಪದ ಹಿಡಿಯುತ್ತದೆ, ಸಿಕ್ಕಿಕೊಳ್ಳುತ್ತದೆ, ಒದ್ದಾಡುತ್ತದೆ, ಕೊನೆಗೆ ಆ ಪದ ಬಿಟ್ಟು ಬೇರೆ ಪದ ಹೇಳಿ ಪಾರಾಗುತ್ತದೆ. ಜನ ಬಿದ್ದು ಬಿದ್ದು ನಕ್ಕರು. ಇನ್ನೂ ನಗುತ್ತಿದ್ದಾರೆ. ಅದಕ್ಕೆ ಮೊದಲು ದನಿ ಕೊಟ್ಟವನು ಜೋ ಡೌಘರ್ಟಿ ಅನ್ನುವ ನಟ. ಅವನಿಗೆ ನಿಜಕ್ಕೂ ಉಗ್ಗು ಇತ್ತು. ನಿಜವಾದ ಉಗ್ಗು ಡೈರೆಕ್ಟರ್ ‘ಕಟ್’ ಅಂದರೆ ನಿಲ್ಲಲ್ಲ. ಎರಡು ಮಾತು ರೆಕಾರ್ಡ್ ಮಾಡಲು ಗಂಟೆಗಟ್ಟಲೆ ಹಿಡೀತು, ಖರ್ಚು ಏರಿತು. 1937ರಲ್ಲಿ ಕಂಪನಿ ಅವನನ್ನು ಬಿಡಿಸಿ ಮೆಲ್ ಬ್ಲಾಂಕ್ ಅನ್ನುವವನನ್ನು ತಂದಿತು. ಇವನಿಗೆ ಉಗ್ಗು ಇರಲಿಲ್ಲ, ಬೇಕಾದಾಗ ಬೇಕಾದಷ್ಟು ಉಗ್ಗುತ್ತಿದ್ದ. ಹೆಸರು, ದುಡ್ಡು, ಕೀರ್ತಿ ಎಲ್ಲ ಇವನಿಗೆ.

ಉಗ್ಗು ಬೇಕು, ಉಗ್ಗುವವನು ಬೇಡ. ತಮಟೆ ಬೇಕು, ತಮಟೆ ಬಡಿಯೋನು ದೇವಸ್ಥಾನದ ಹೊರಗೆ ನಿಲ್ಲಲಿ ಅನ್ನುವ ಊರಿನಿಂದ ಬಂದವರಿಗೆ ಈ ಕತೆ ಇನ್ನೂ ಬಿಡಿಸಿ ಹೇಳಬೇಕಾ?

ಆ ಹಂದಿ ಮಾಡುವ ಉಪಾಯ ಇದೆಯಲ್ಲ, ಸಿಕ್ಕಿಕೊಂಡ ಪದ ಬಿಟ್ಟು ಬೇರೆ ಪದ ಹೇಳೋದು, ಅದು ಉಗ್ಗುವವರ ದಿನನಿತ್ಯದ ಬದುಕು. ‘ಪೆನ್ನು ಕೊಡೋ’ ಅನ್ನಲಾಗದೆ ‘ಬರೆಯೋದು ಕೊಡೋ’ ಅನ್ನುತ್ತಾರೆ. ಹೋಟೆಲಿನಲ್ಲಿ ಬೇಕಾದ್ದನ್ನು ಕೇಳದೆ ಬಾಯಿಗೆ ಬಂದದ್ದನ್ನು ತಿಂದು ಬರುತ್ತಾರೆ. ಆದರೆ ಬಸ್ಸಿನಲ್ಲಿ ಊರಿನ ಹೆಸರು ಬದಲಾಯಿಸೋಕೆ ಆಗುತ್ತಾ? ಕಂಡಕ್ಟರ್ ತಲೆ ಮೇಲೆ ನಿಂತಿರುತ್ತಾನೆ, ಹಿಂದಿನವರು ಗೊಣಗುತ್ತಿರುತ್ತಾರೆ. ಎಲ್ಲಕ್ಕಿಂತ ಕಷ್ಟ ತನ್ನ ಹೆಸರನ್ನೇ ಹೇಳೋದು. ಅದಕ್ಕೆ ಬದಲಿ ಪದ ಇಲ್ಲ. ಕಾರ್ಟೂನಿನಲ್ಲಿ ಅರ್ಧ ನಿಮಿಷದ ತಮಾಷೆ ಆದದ್ದು ಒಬ್ಬ ಹುಡುಗನಿಗೆ ಇಂಟರ್‌ವ್ಯೂ ಕೋಣೆಯಲ್ಲಿ ಕೆಲಸ ತಪ್ಪುವ ಅರ್ಧ ನಿಮಿಷ.

1991ರಲ್ಲಿ ಅಲ್ಲಿನ ಉಗ್ಗುವವರ ಒಂದು ಸಂಘಟನೆ, ನ್ಯಾಷನಲ್ ಸ್ಟಟರಿಂಗ್ ಪ್ರಾಜೆಕ್ಟ್, ವಾರ್ನರ್ ಬ್ರದರ್ಸ್ ಎದುರು ಪಿಕೆಟಿಂಗ್ ಮಾಡಿತು. ಹಂದಿಯನ್ನು ಸುಟ್ಟುಹಾಕಿ ಅನ್ನಲಿಲ್ಲ ಅವರು. ನಮ್ಮನ್ನು ಕೀಳು ಮಾಡೋದು ನಿಲ್ಲಿಸಿ, ಅದೇ ಪೋರ್ಕಿಯನ್ನು ಉಗ್ಗುವ ಮಕ್ಕಳ ಪರವಾಗಿ ನಿಲ್ಲಿಸಿ ಅಂದರು. ಇದಕ್ಕಿಂತ ಸಭ್ಯವಾದ ಬೇಡಿಕೆ ನಾವು ಕೇಳಿಲ್ಲ. ನಾವಾಗಿದ್ದರೆ ಇಷ್ಟು ಮೆತ್ತಗೆ ಇರುತ್ತಿರಲಿಲ್ಲ.

ಇನ್ನು ಮಗೂ ಅನ್ನೋ ಮುದುಕ. 1949ರಲ್ಲಿ ಹುಟ್ಟಿದವನು. ದೂರದ್ದು ಕಾಣಲ್ಲ, ಕಾಣಲ್ಲ ಅಂತ ಒಪ್ಪೋದೂ ಇಲ್ಲ. ಕರಡಿಯನ್ನು ಮನುಷ್ಯ ಅಂದುಕೊಂಡು ಮಾತಾಡಿಸುತ್ತಾನೆ. ಅವನನ್ನು ರೂಪಿಸಿದವರಲ್ಲಿ ಮುಖ್ಯನಾದ ಜಾನ್ ಹಬ್ಲಿ ಎಡಪಂಥೀಯ. ಅಮೆರಿಕದಲ್ಲಿ ಕಮ್ಯುನಿಸ್ಟರ ಬೇಟೆ ನಡೆದ ಕಾಲದಲ್ಲಿ, 1952ರಲ್ಲಿ, ಸ್ಟುಡಿಯೋ ಬಿಡಬೇಕಾಗಿ ಬಂದವನು. ಅಂದರೆ ಒಂದು ಲೆಕ್ಕಕ್ಕೆ ನಮ್ಮ ಕಡೆಯವನೇ. ಎದುರಿಗಿರೋ ಸತ್ಯವನ್ನು ನೋಡಲೊಲ್ಲದ ಪ್ರತಿಗಾಮಿ ಮುದುಕನನ್ನು ಗೇಲಿ ಮಾಡೋದು ಅವನ ಹಂಚಿಕೆ. ಒಪ್ಪೋಣ. ಆದರೆ ವರ್ಷ ಕಳೆದಂತೆ ಆ ರಾಜಕೀಯ ಆವಿಯಾಯಿತು, ಮಂದಗಣ್ಣು ಮಾತ್ರ ಉಳಿಯಿತು. ಯಾವ ಮಗುವೂ ಆ ಮುದುಕನಲ್ಲಿ ಪ್ರತಿಗಾಮಿಯನ್ನು ನೋಡಲಿಲ್ಲ. ಗೋಡೆಗೆ ಡಿಕ್ಕಿ ಹೊಡೆಯುವ ಕುರುಡನನ್ನು ನೋಡಿತು. 1997ರಲ್ಲಿ ಡಿಸ್ನಿ ಕಂಪನಿ ಮಗೂನನ್ನು ನಿಜವಾದ ನಟನ ಕೈಲಿ ಮಾಡಿಸಿ ಸಿನಿಮಾ ತೆಗೆದಾಗ ಅಮೆರಿಕದ ಅಂಧರ ರಾಷ್ಟ್ರೀಯ ಒಕ್ಕೂಟ ಸಮಾವೇಶದಲ್ಲಿ ನಿರ್ಣಯ ಮಾಡಿ ವಿರೋಧಿಸಿತು. ಕಂಪನಿ ಏನು ಮಾಡಿತು? ಇದು ಕುರುಡುತನದ ನಿಜವಾದ ಚಿತ್ರಣ ಅಲ್ಲ ಅನ್ನೋ ಅರ್ಥದ ಒಂದು ಸಾಲನ್ನು ಸಿನಿಮಾದ ಕೊನೆಯಲ್ಲಿ ಹಾಕಿತು. ಅಷ್ಟು ಹೊತ್ತಿಗೆ ಮಕ್ಕಳು ಚಪ್ಪಲಿ ಹುಡುಕಿಕೊಂಡು ಹೊರಗೆ ಹೊರಟಿರುತ್ತವೆ.

ಖಳರ ಪಟ್ಟಿ ಉದ್ದ ಇದೆ, ನಾವು ಎಲ್ಲ ಹೇಳಲ್ಲ. ಪೀಟರ್ ಪ್ಯಾನ್‌ನ (1953) ಕಡಲುಗಳ್ಳನಿಗೆ ಕೈಯ ಬದಲು ಕೊಕ್ಕೆ, ಹೆಸರೂ ಕೊಕ್ಕೆಯೇ. ಲಯನ್ ಕಿಂಗ್‌ನ (1994) ಕೆಟ್ಟ ಸಿಂಹದ ಹೆಸರೇ ಸ್ಕಾರ್, ಅಂದರೆ ಗಾಯದ ಕಲೆ. ನಮ್ಮ ಪುರಾಣದ ಪುಸ್ತಕಗಳು ಕಮ್ಮಿಯೇನಲ್ಲ. ಮಂಥರೆಗೆ ಗೂನು. 1988ರಲ್ಲಿ ಟಿ.ವಿ.ಯಲ್ಲಿ ಶುರುವಾದ ಮಹಾಭಾರತದ ಶಕುನಿ ಕುಂಟುತ್ತಲೇ ಬರುತ್ತಾನೆ. ಕೆಟ್ಟವನು ಅನ್ನೋಕೆ ಅವನು ಮಾಡಿದ ಕೆಲಸ ಸಾಕಾಗಲ್ಲ, ಮೈಮೇಲೂ ಗುರುತು ಬೇಕು. ಹುಟ್ಟನ್ನು ನೋಡಿ ಗುಣ ಹೇಳುವ ಶಾಸ್ತ್ರಕ್ಕೂ ಮೈಯನ್ನು ನೋಡಿ ಗುಣ ಹೇಳುವ ಈ ಶಾಸ್ತ್ರಕ್ಕೂ ಬಹಳ ದೂರ ಇಲ್ಲ. ಇಂಗ್ಲೆಂಡಿನಲ್ಲಿ ಮುಖದ ಕಲೆ ಇರುವವರ ಸಂಸ್ಥೆಯೊಂದು 2018ರಲ್ಲಿ ‘ನಾನು ನಿಮ್ಮ ಖಳ ಅಲ್ಲ’ ಅಂತ ಚಳವಳಿ ಮಾಡಿತು. ಕಲೆಯನ್ನು ಕೆಟ್ಟತನದ ಗುರುತಾಗಿ ತೋರಿಸುವ ಸಿನಿಮಾಗಳಿಗೆ ಇನ್ನು ದುಡ್ಡು ಕೊಡಲ್ಲ ಅಂತ ಅಲ್ಲಿನ ಬ್ರಿಟಿಷ್ ಫಿಲ್ಮ್ ಇನ್‌ಸ್ಟಿಟ್ಯೂಟ್ ಒಪ್ಪಿಕೊಂಡಿತು.

ಇಷ್ಟೆಲ್ಲ ಓದಿ ಕೆಲವರು ಅನ್ನಬಹುದು: ಭೂಮಿಯ ಪ್ರಶ್ನೆ ಇದೆ, ಕೂಲಿ ಪ್ರಶ್ನೆ ಇದೆ, ಸ್ಕಾಲರ್‌ಷಿಪ್ ಸರಿಯಾಗಿ ಬರ್ತಿಲ್ಲ, ಈ ಹೊತ್ತಿನಲ್ಲಿ ಅಮೆರಿಕದ ಹಂದಿಮರಿ ಯಾಕೆ? ಹಾಗಾದರೆ ಹಾಸ್ಟೆಲಿಗೇ ಬನ್ನಿ.

ಸಂಜೆ ಟಿ.ವಿ. ಮುಂದೆ ಮಕ್ಕಳು ಕೂತಿವೆ. ಪರದೆ ಮೇಲೆ ಯಾವನೋ ಉಗ್ಗಿದ. ಮಾರನೇ ದಿನದಿಂದ ಆ ಹೆಸರು ಪರದೆಯಿಂದ ಇಳಿದು ಒಬ್ಬ ಹುಡುಗನ ಮೈಮೇಲೆ ಕೂರುತ್ತದೆ. ಊಟದ ಸಾಲಿನಲ್ಲಿ ಅದೇ ಹೆಸರು, ಸ್ನಾನದ ಮನೆ ಮುಂದೆ ಅದೇ ಹೆಸರು. ಕಾರ್ಟೂನು ಮರೆತುಹೋಗುತ್ತದೆ, ಹೆಸರು ಹೋಗಲ್ಲ. ಆ ಹುಡುಗ ಕಾಲೇಜಿಗೆ ಬರುತ್ತಾನೆ. ಹಾಜರಿ ಕೂಗುವಾಗ ‘ಪ್ರೆಸೆಂಟ್ ಸಾರ್’ ಅನ್ನುವುದರ ‘ಪ’ ತುಟಿಯಲ್ಲೇ ಸಿಕ್ಕಿಕೊಳ್ಳುತ್ತದೆ. ಹಿಂದಿನ ಬೆಂಚು ಉಗ್ಗಿ ತೋರಿಸುತ್ತದೆ, ಮೇಷ್ಟ್ರೂ ಒಂದು ನಗು ನಕ್ಕು ಮುಂದಿನ ನಂಬರಿಗೆ ಹೋಗುತ್ತಾರೆ. ಗೈರುಹಾಜರಿ. ಒಂದು ದಿನ, ಹತ್ತು ದಿನ. ಆಮೇಲೆ ಹಾಜರಾತಿ ಸಾಲದು ಅನ್ನೋ ನೋಟೀಸು, ಅದರ ಹಿಂದೆ ಸ್ಕಾಲರ್‌ಷಿಪ್ಪಿನ ತಕರಾರು. ಈಗ ಹೇಳಿ, ಸ್ಕಾಲರ್‌ಷಿಪ್ ಪ್ರಶ್ನೆ ಬೇರೆ, ಹಂದಿಮರಿ ಪ್ರಶ್ನೆ ಬೇರೆಯಾ?

ಕೇರಿಯ ಹೆಸರು ಹಿಡಿದು ಯಾರಾದರೂ ಕರೆದರೆ ಸೀದಾ ಠಾಣೆಗೆ ನಡೆಯುವ ಹುಡುಗರೇ ‘ಲೇ ಕುಂಟ’, ‘ಲೇ ಮೆಳ್ಳಗಣ್ಣ’ ಅಂತ ಪಕ್ಕದ ರೂಮಿನವನನ್ನು ಕೂಗುತ್ತಾರೆ. ಪ್ರೀತಿಯಿಂದ ಕರೀತೀವಿ ಅಂತಾರೆ. ಜೀತದವನನ್ನು ಜಾತಿ ಹೆಸರಲ್ಲೇ ಕರೆದು, ಮನೆಮಗ ಇದ್ದ ಹಾಗೆ ಅಂತಿದ್ದ ಗೌಡನಿಗೂ ಅದೇ ಪ್ರೀತಿ ಇತ್ತು.

ಕಾನೂನೂ ಈ ನಂಟನ್ನು ಬಲ್ಲದು. 1989ರ ದೌರ್ಜನ್ಯ ತಡೆ ಕಾಯ್ದೆಯಲ್ಲಿ, ಸಾರ್ವಜನಿಕರ ಕಣ್ಣಿಗೆ ಬೀಳುವ ಜಾಗದಲ್ಲಿ ಅವಮಾನಿಸುವ ಉದ್ದೇಶದಿಂದ ನಿಂದಿಸಿದರೆ ಆರು ತಿಂಗಳಿಂದ ಐದು ವರ್ಷದವರೆಗೆ ಶಿಕ್ಷೆ ಅಂತ ಇದೆಯಲ್ಲ, ಅಂಗವಿಕಲರ ಹಕ್ಕುಗಳ 2016ರ ಕಾಯ್ದೆಯ 92ನೇ ಸೆಕ್ಷನ್ನಿನಲ್ಲೂ ಹೆಚ್ಚು ಕಮ್ಮಿ ಅದೇ ಮಾತು, ಅದೇ ಶಿಕ್ಷೆ. ಆದರೆ ಎರಡರಲ್ಲೂ ‘ಉದ್ದೇಶ’ ಅನ್ನೋ ಬಾಗಿಲೊಂದು ತೆರೆದೇ ಇದೆ. ಕಂಪನಿಗಳು ಆ ಬಾಗಿಲಿಂದ ಆರಾಮವಾಗಿ ಹೊರಗೆ ನಡೀತವೆ. ಹಂದಿ ಬರೆದವನಿಗೆ ಉದ್ದೇಶ ಇರಲಿಲ್ಲ, ಮಗೂನನ್ನು ಬರೆದವನಿಗೆ ಒಳ್ಳೇ ಉದ್ದೇಶವೇ ಇತ್ತು. ಆದ್ದರಿಂದ ನಾವು ಪೊಲೀಸರನ್ನು ಕಾರ್ಟೂನಿನೊಳಗೆ ಕಳಿಸಿ ಅನ್ನುತ್ತಿಲ್ಲ. ಬರೆದವನ ಉದ್ದೇಶ ಬಿಡಿ, ಆ ಹೆಸರು ಯಾವ ಮಗುವಿನ ಮೇಲೆ ಬಂದು ಕೂತಿತು ಅಂತ ನೋಡಿ ಅನ್ನುತ್ತಿದ್ದೇವೆ.

ಹಾಗಾದರೆ ನಗಲೇಬಾರದಾ? ಯಾರು ಹೇಳಿದ್ದು! ನಾಟಿ ಗದ್ದೆಯಲ್ಲಿ ಬಗ್ಗಿ ನಿಂತು ಗೌಡನ ಮೀಸೆಯನ್ನು ಆಡಿಕೊಂಡು ನಕ್ಕ ಅವ್ವಂದಿರ ಮಕ್ಕಳು ನಾವು. ನಗು ಯಾವ ಕಡೆ ಹರೀತಿದೆ ಅನ್ನೋದೇ ಮಾತು. ‘ಅವತಾರ್’ ಅನ್ನೋ ಮಕ್ಕಳ ಕಾರ್ಟೂನ್ ಸರಣಿಯಲ್ಲಿ (2005ರಿಂದ 2008) ಟಾಫ್ ಅನ್ನೋ ಕುರುಡು ಹುಡುಗಿ ಇದ್ದಾಳೆ. ಅಂಗಾಲಿನಿಂದ ನೆಲದ ನಡುಕ ಹಿಡಿದು ಎದುರಾಳಿ ಎಲ್ಲಿದ್ದಾನೆ ಅಂತ ತಿಳೀತಾಳೆ. ತನಗೆ ಕಣ್ಣಿಲ್ಲ ಅನ್ನೋದನ್ನ ಮರೆತು ಮಾತಾಡುವ ಗೆಳೆಯರನ್ನು ಅವಳೇ ಗೇಲಿ ಮಾಡುತ್ತಾಳೆ. ಅಲ್ಲಿ ಮಗು ನಗುವುದು ಅವಳ ಜೊತೆಗೆ. ‘ನೀಮೋ’ ಸಿನಿಮಾದ (2003) ಮೀನಿನ ಮರಿಗೆ ಒಂದು ರೆಕ್ಕೆ ಚಿಕ್ಕದು. ಅದನ್ನು ಕಟ್ಟಿಹಾಕೋದು ಆ ರೆಕ್ಕೆ ಅಲ್ಲ, ಅಪ್ಪನ ಹೆದರಿಕೆ. ಬರೆಯೋಕೆ ಬರುತ್ತೆ ಅಂತಾಯಿತಲ್ಲ?

ಸುಪ್ರೀಂ ಕೋರ್ಟ್ ಕೂಡ 2024ರ ಜುಲೈನಲ್ಲಿ ‘ಆಂಖ್ ಮಿಚೋಲಿ’ ಅನ್ನೋ ಹಿಂದಿ ಸಿನಿಮಾದ ಮೇಲೆ ನಿಪುಣ್ ಮಲ್ಹೋತ್ರಾ ತಂದ ಕೇಸಿನಲ್ಲಿ ಇದನ್ನೇ ಹೇಳಿತು: ಅಂಗವೈಕಲ್ಯವನ್ನು ಅರ್ಥ ಮಾಡಿಸುವ ಹಾಸ್ಯ ಬೇರೆ, ಅಂಗವಿಕಲರನ್ನು ಕೀಳುಗಳೆಯುವ ಹಾಸ್ಯ ಬೇರೆ. ಆ ಸಿನಿಮಾದಲ್ಲಿ ಉಗ್ಗುವವನಿಗೆ ಕೊಟ್ಟ ಹೆಸರು ‘ಸಿಕ್ಕಿಕೊಂಡ ಕ್ಯಾಸೆಟ್ಟು’. 1935ರ ಜೋಕು 2023ರಲ್ಲಿ ಮತ್ತೆ ಮಾರಾಟಕ್ಕೆ ಬಂದಿದೆ, ರೇಪರು ಮಾತ್ರ ಹೊಸದು.

ಹೆಸರಿನ ಮಾತು ಬಂತು ಅಂತ ಇನ್ನೊಂದು ಹೇಳಿಬಿಡ್ತೀವಿ. 2015ರ ಡಿಸೆಂಬರಿನಲ್ಲಿ ಪ್ರಧಾನಿಯವರು ರೇಡಿಯೋದಲ್ಲಿ ‘ದಿವ್ಯಾಂಗ’ ಅನ್ನೋ ಪದ ಹಂಚಿದರು. ಎಷ್ಟೋ ಅಂಗವಿಕಲ ಸಂಘಟನೆಗಳು ಬೇಡ ಅಂದವು. ಯಾಕೆ ಬೇಡ ಅಂದವು ಅನ್ನೋದು ‘ಹರಿಜನ’ ಅನ್ನೋ ಪದವನ್ನು ಬಿಸಾಕಿದ ನಮಗೆ ಬೇಗ ತಿಳಿಯುತ್ತೆ. ಕಚೇರಿಗೆ ಹತ್ತೋಕೆ ಮೆಟ್ಟಿಲಿಲ್ಲದ ಇಳಿಜಾರು ಕೇಳಿದರೆ ದೇವರ ಹೆಸರು ಕೊಟ್ಟು ಕಳಿಸಿದರು.

ಕೊನೆಗೆ ಕೆಲಸದ ಮಾತು. ಹಾಸ್ಟೆಲಿನ ಘಟಕಗಳು ಈ ತಿಂಗಳ ಸಭೆಯಲ್ಲಿ ಅಡ್ಡಹೆಸರುಗಳ ವಿಷಯ ತೆಗೆಯಬೇಕು. ಚಿಕ್ಕ ಮಕ್ಕಳ ಹಾಸ್ಟೆಲುಗಳಿಗೆ ಹೋಗಿ ಟಿ.ವಿ. ಮುಂದೆ ಮಕ್ಕಳ ಜೊತೆಗೇ ಕೂತು, ಇವನನ್ನು ನೋಡಿ ಯಾಕೆ ನಕ್ಕಿರಿ ಅಂತ ಕೇಳಬೇಕು. ಉತ್ತರ ಹೇಳಿಕೊಡೋದು ಬೇಡ, ಕೇಳಿದರೆ ಸಾಕು. ಹಾಜರಿಗೆ ಕೈ ಎತ್ತಿದರೂ ನಡೆಯುತ್ತೆ ಅಂತ ಕಾಲೇಜಿನ ಮೇಷ್ಟ್ರುಗಳಿಂದ ಬರೆಸಿಕೊಳ್ಳಬೇಕು.

ಉಗ್ಗುವವರು ಸಾಮಾನ್ಯವಾಗಿ ಹಾಡುವಾಗ ಉಗ್ಗುವುದಿಲ್ಲ. ಇದು ಬಲ್ಲವರೆಲ್ಲ ಕಂಡ ಸಂಗತಿ. ಅದಕ್ಕೇ ನಮ್ಮ ಸಭೆಗಳಲ್ಲಿ ಅಂಥ ಹುಡುಗನನ್ನು ಹಾಡೋಕೆ ಮಾತ್ರ ಮುಂದೆ ಕರೆದು, ಭಾಷಣದ ಹೊತ್ತಿಗೆ ಹಿಂದೆ ಕೂರಿಸುತ್ತಾರೆ. ಈ ಸಲದ ಸಭೆಯಲ್ಲಿ ನಿರ್ಣಯಗಳನ್ನು ಅವನೇ ಓದಲಿ. ಒಂದು ಹತ್ತು ನಿಮಿಷ ಜಾಸ್ತಿ ಹಿಡಿಯುತ್ತೆ. ಬಸ್ಸು ತಪ್ಪುತ್ತೆ ಅನ್ನೋರು ಮುಂದಿನ ಬಸ್ಸಿಗೆ ಹೋಗಲಿ.