ಗೋ ಸರಣಿ, ಭಾಗ 6: ‘ಎನಿ’ ಅಂದ್ರೆ ಸಸ್ಪೆನ್ಸ್ ಅಕೌಂಟ್ ಕಣ್ರೋ!

ಬೇಜಾರಾದ್ರೂ ಪರವಾಗಿಲ್ಲ, ನೇರವಾಗಿ ಹೇಳ್ತೀನಿ. ಬೇರೆ ಬೇರೆ ಸ್ಟ್ರಕ್ಟ್‌ಗಳನ್ನ ಒಂದೇ ಫಂಕ್ಷನ್‌ಗೆ ಕಳಿಸೋಕೆ ‘ಎನಿ’ ಹಾಕೋದು ಜಾಣತನ ಅಲ್ಲ, ಸೋಮಾರಿತನ.

ನಮ್ಮ ಬಿಕಾಂ ಭಾಷೆಯಲ್ಲೇ ಕೇಳಿ. ಟ್ರಯಲ್ ಬ್ಯಾಲೆನ್ಸ್ ತಾಳೆ ಆಗ್ಲಿಲ್ಲ ಅಂದ್ರೆ ವ್ಯತ್ಯಾಸನ ಸಸ್ಪೆನ್ಸ್ ಅಕೌಂಟ್‌ಗೆ ಹಾಕ್ತೀವಿ. ಎರಡೂ ಕಡೆ ಸಮ ಕಾಣುತ್ತೆ, ತಪ್ಪು ಮಾತ್ರ ಒಳಗೇ ಕೂತಿರುತ್ತೆ. ‘ಎನಿ’ ಕಥೆನೂ ಅದೇ.

ಒಂದು ಅಂಗಡಿಯ ಜಿಎಸ್‌ಟಿ ಲೆಕ್ಕ ತಗೊಳ್ಳಿ. ‘ಸೇಲ್’, ‘ಸರ್ವಿಸ್’ ಅಂತ ಎರಡು ಸ್ಟ್ರಕ್ಟ್. ಫಂಕ್ಷನ್ ‘...ಎನಿ’ ತಗೊಂಡು, ಒಳಗೆ ಟೈಪ್ ಸ್ವಿಚ್‌ನಲ್ಲಿ ಎರಡು ಕೇಸ್ ನೋಡುತ್ತೆ. ನಾಳೆ ಯಜಮಾನರು ಮೇಲಿನ ಮಹಡಿನ ಆಫೀಸಿಗೆ ಬಾಡಿಗೆಗೆ ಕೊಟ್ರು, ‘ರೆಂಟ್’ ಸ್ಟ್ರಕ್ಟ್ ಬಂತು. ಕೇಸ್ ಸೇರಿಸೋದು ಮರೆತ್ರೆ ಕಂಪೈಲರ್ ತುಟಿ ಬಿಚ್ಚಲ್ಲ. ಡಿಫಾಲ್ಟ್ ಇಲ್ಲದಿದ್ರೆ ಪ್ರೋಗ್ರಾಮ್ ಆರಾಮಾಗಿ ಓಡುತ್ತೆ. 50,000 ರೂಪಾಯಿ ಬಾಡಿಗೆಗೆ 18% ಅಂದ್ರೆ 9,000 ರೂಪಾಯಿ ತೆರಿಗೆ ಮಾಯ! ‘ಸೇಲ್’ ಬದಲು ಅದರ ಪಾಯಿಂಟರ್ ಕಳಿಸಿದ್ರೂ ಅಷ್ಟೇ, ‘ಸೇಲ್’ ಕೇಸ್‌ಗೆ ಅದು ಸಿಗಲ್ಲ.

ದಾರಿ ಏನು? ‘ಟ್ಯಾಕ್ಸಬಲ್’ ಅಂತ ಒಂದು ಇಂಟರ್‌ಫೇಸ್, ಅದರಲ್ಲಿ ‘ಟ್ಯಾಕ್ಸ್’ ಅನ್ನೋ ಒಂದೇ ಮೆಥಡ್. ಫಂಕ್ಷನ್ ‘...ಟ್ಯಾಕ್ಸಬಲ್’ ತಗೊಳ್ಳಲಿ. ತನ್ನ ತೆರಿಗೆ ಲೆಕ್ಕ ಪ್ರತಿ ಸ್ಟ್ರಕ್ಟೇ ಮಾಡ್ಕೊಳ್ಳುತ್ತೆ. ಮೆಥಡ್ ಇಲ್ಲದ ‘ರೆಂಟ್’ ಕಳಿಸಿದ್ರೆ ಕಂಪೈಲೇ ಆಗಲ್ಲ. ಬೈಗುಳ ನಿಮಗೆ ಬೀಳುತ್ತೆ, ನೋಟಿಸ್ ಅಂಗಡಿಯವರಿಗೆ ಹೋಗಲ್ಲ.

“2022ರಲ್ಲಿ 1.18 ಜೊತೆ ಜೆನೆರಿಕ್ಸ್ ಬಂತಲ್ಲ ಗುರೂ” ಅಂತೀರಾ? ಬಂತು. ಆದ್ರೆ ‘ಟಿ’ ಸ್ಲೈಸ್‌ನಲ್ಲಿ ಟಿ ಒಂದು ಸಲಕ್ಕೆ ಒಂದೇ ಟೈಪ್. ಟಿ ಜಾಗಕ್ಕೆ ‘ಸೇಲ್’ ಬಂದ್ರೆ ಅದರೊಳಗೆ ‘ಸರ್ವಿಸ್’ ಬೆರೆಸೋಕಾಗಲ್ಲ. ಎಲ್ಲಾ ಸ್ಟ್ರಕ್ಟ್‌ನಲ್ಲೂ ‘ಅಮೌಂಟ್’ ಫೀಲ್ಡ್ ಇದ್ರೂ ಟಿ ಮೂಲಕ ಅದನ್ನ ಮುಟ್ಟೋಕೆ ಗೋ ಬಿಡಲ್ಲ. ಬರೀ ‘ಸೇಲ್’ಗಳ ಸ್ಲೈಸ್ ಇದ್ದಾಗ ಜೆನೆರಿಕ್ಸ್ ಚೆನ್ನ, ಯಾಕಂದ್ರೆ ‘ಸೇಲ್’ ಸ್ಲೈಸ್ ತಾನಾಗೇ ‘ಟ್ಯಾಕ್ಸಬಲ್’ ಸ್ಲೈಸ್ ಆಗಲ್ಲ.

ಇನ್ನೊಂದು ಮಾತು. ಯಾವಾಗಲೂ ಅದೇ ಎರಡು ಸ್ಟ್ರಕ್ಟ್ ಬೇಕು ಅಂದ್ರೆ ಇದ್ಯಾವುದೂ ಬೇಡ, ಸುಮ್ನೆ ಎರಡು ಪ್ಯಾರಾಮೀಟರ್ ಬರೀರಿ.

‘ಎನಿ’ ಪೂರ್ತಿ ದಂಡ ಅಂತಲ್ಲ. ‘ಪ್ರಿಂಟ್‌ಲೈನ್’ ತರ ಏನು ಕೊಟ್ರೂ ಮುದ್ರಿಸೋ ಫಂಕ್ಷನ್‌ಗೆ ಅದು ಬೇಕೇ ಬೇಕು. ಆದ್ರೆ ದುಡ್ಡಿನ ಲೆಕ್ಕಕ್ಕೆ? ಬೇಡ್ವೇ ಬೇಡ. ಒಪ್ಪಲ್ವಾ? ಕಾಮೆಂಟ್‌ನಲ್ಲಿ ಕೋಡ್ ಹಾಕಿ ಜಗಳಕ್ಕೆ ಬನ್ನಿ.

#ಗೋಸರಣಿ #ಕನ್ನಡದಲ್ಲಿಕೋಡಿಂಗ್ #ಬಿಕಾಂಹುಡುಗರು