ಅಕ್ಷರಕ್ಕೊಂದು ಕೀಲಿ

ಬರವಣಿಗೆಗೆಂದೇ ನಿರ್ಮಿತವಾದ ತಂತ್ರಾಂಶಗಳಲ್ಲಿ ವಿರಳ ಚಿಹ್ನೆಗಳನ್ನು ಆರಿಸಿಕೊಳ್ಳಲು ಒಂದು ಪಟ್ಟಿಯಾದರೂ ಇರುತ್ತದೆ. ಅರ್ಜಿ, ಪತ್ರ, ಶೋಧನೆಗಳೆಲ್ಲವೂ ಈಗ ನಡೆಯುವ ಬ್ರೌಸರಿನ ಬರಿಯ ಚೌಕದಲ್ಲಾದರೋ, ನಗುಮುಖ ಅಳುಮುಖಗಳ ಇಮೋಜಿ ಸಮೂಹವು ಒಂದೆರಡು ಕೀಲಿಗಳ ಸ್ಪರ್ಶಮಾತ್ರದಿಂದ ಪ್ರತ್ಯಕ್ಷವಾಗುವುದೇ ಹೊರತು, ನಮ್ಮದೇ ಲಿಪಿಯ ಕೆಲವು ಅಕ್ಷರಗಳು ಎಷ್ಟು ಅರಸಿದರೂ ಕೈಗೆಟುಕುವುದಿಲ್ಲ.

ಹಳಗನ್ನಡದ ೞಕಾರವು ಯೂನಿಕೋಡ್ ಪಟ್ಟಿಯಲ್ಲಿ ಸ್ಥಾನ ಪಡೆದು ದಶಕಗಳೇ ಸಂದಿವೆ. ಅದೂ 'ಫ' ಎಂಬ ಸಲ್ಲದ ಹೆಸರಿನಿಂದ, ಒಮ್ಮೆ ಇಟ್ಟ ಹೆಸರನ್ನು ಬದಲಿಸಕೂಡದೆಂಬ ಅಲ್ಲಿನ ನಿಯಮದ ದೆಸೆಯಿಂದ ಇಂದಿಗೂ ಅಳಿಯದೆ ಉಳಿದಿರುವ ಆ ದೋಷದೊಡನೆ. ಆದರೆ ಜನಬಳಕೆಯ ಎಷ್ಟೋ ಕೀಲಿಮಣೆಗಳಲ್ಲಿ ಅದು ಮರೆಯಲ್ಲಿರುವುದರಿಂದ, ಪಂಪನ ಪದ್ಯವೊಂದನ್ನು ನಕಲು ಮಾಡುವವನು ಬೇರೊಂದು ಪುಟದಿಂದ ಅಕ್ಷರವನ್ನು ಎರವಲು ತಂದು ಅಂಟಿಸಬೇಕು, ಇಲ್ಲವೆ ಳಕಾರದಿಂದಲೇ ತೃಪ್ತನಾಗಬೇಕು. ತೃಪ್ತನಾದನೋ, ನಾಶವನ್ನು ಹೇಳುವ 'ಅೞಿ'ಯೂ ದುಂಬಿಯನ್ನು ಹೇಳುವ 'ಅಳಿ'ಯೂ ಒಂದೇ ಆಗಿ ಪಾಠಶುದ್ಧಿಯು ಕೆಡುವುದು.

ಇದು ಕೇವಲ ಪಂಡಿತರ ಚಿಂತೆಯೆಂದು ತಳ್ಳಿಹಾಕುವಂತಿಲ್ಲ. ದಿನಪತ್ರಿಕೆಯನ್ನು ಓದುವವರೆಲ್ಲ ಬಲ್ಲ 'ರ‍್ಯಾಂಕ್' ಎಂಬ ಪದವನ್ನು ಅರ್ಕಾವೊತ್ತಿಲ್ಲದೆ ಬರೆಯಬೇಕಾದರೆ, ರಕಾರಕ್ಕೂ ಹಲಂತಕ್ಕೂ ನಡುವೆ 200ಡಿ ಎಂಬ ಸಂಕೇತಸಂಖ್ಯೆಯುಳ್ಳ ಅಗೋಚರ ಸಂಯೋಜಕವೊಂದನ್ನು ಇರಿಸಬೇಕು. 'ರಾಜ್‌ಕುಮಾರ್' ಎಂಬಲ್ಲಿ ಕಕಾರವು ಜಕಾರಕ್ಕೆ ಒತ್ತಾಗದಿರಲು ಅದರ ಸೋದರನಾದ ಮತ್ತೊಂದು ಅಗೋಚರ ಚಿಹ್ನೆ ಬೇಕು. ಕಣ್ಣಿಗೆ ಕಾಣದ ಇವುಗಳ ಅಸ್ತಿತ್ವವನ್ನೇ ಅರಿಯದ ಸಾಮಾನ್ಯನು, ತಾನು ಉದ್ದೇಶಿಸಿದ ರೂಪವು ಮೂಡದಿದ್ದಾಗ, ಭಾಷೆಯನ್ನೋ ಯಂತ್ರವನ್ನೋ ಹಳಿದು ಸುಮ್ಮನಾಗುತ್ತಾನೆ.

ಉಪಾಯವಿಲ್ಲವೆಂದಲ್ಲ. 2010ರ ಜುಲೈ ತಿಂಗಳಲ್ಲಿ ಕೇಂದ್ರ ಸರ್ಕಾರವು ಅಂಗೀಕರಿಸಿದ ₹ ಚಿಹ್ನೆಯು ಅದೇ ವರ್ಷದ ಅಕ್ಟೋಬರಿನಲ್ಲಿ ಯೂನಿಕೋಡಿನ 6.0 ಆವೃತ್ತಿಯನ್ನು ಸೇರಿ, ಬಳಿಕ ಭಾರತದ ಕೀಲಿಮಣೆಗಳಲ್ಲಿ 4ರ ಅಂಕೆಯ ನೆರೆಯಲ್ಲಿ ನೆಲೆಗೊಂಡಿತು. ಅದರ ಬೆನ್ನಿಗೆ ರಾಜ್ಯಶಕ್ತಿಯಿದ್ದಿತು. ಕೆ. ಪಿ. ರಾವ್ ಅವರ ವಿನ್ಯಾಸವನ್ನು ಆಧರಿಸಿದ ಕೀಲಿಮಣೆಯನ್ನು ಪ್ರಮಾಣವೆಂದು ಒಪ್ಪಿದ ನಮ್ಮ ರಾಜ್ಯ ಸರ್ಕಾರವು, ಕನ್ನಡಕ್ಕೆ ಸಂಕೇತಸ್ಥಾನ ದೊರೆತ ಪ್ರತಿಯೊಂದು ಅಕ್ಷರವೂ, ಆ ಎರಡು ಅಗೋಚರ ಚಿಹ್ನೆಗಳೂ, ಗಣಕದಲ್ಲಾಗಲಿ ದೂರವಾಣಿಯಲ್ಲಾಗಲಿ ಹೆಸರು ಸಹಿತವಾಗಿ ಗೋಚರಿಸುವ ಕೀಲಿಯಿಂದ ಲಭ್ಯವಾಗಬೇಕೆಂದು ವಿಧಿಸಿ, ತನ್ನ ಕಚೇರಿಗಳಿಗೂ ಶಾಲೆಗಳಿಗೂ ಗಣಕಗಳನ್ನು ಕೊಳ್ಳುವ ಕರಾರಿನಲ್ಲಿಯೇ ಈ ನಿಬಂಧನೆಯನ್ನು ಸೇರಿಸುವುದು ಯುಕ್ತ. ಕೊಳ್ಳುವವನು ಕೇಳದುದನ್ನು ಮಾರುವವನು ತಾನಾಗಿ ಕೊಡಲಾರನು.